ಹದಿನೈದು ಬ್ಯಾಜಿನ ಅಂಗಿ

ಯೂನಿಫಾರ್ಮ್ ಹೊಲಿಯುವವಳಿಗೆ ಗಿರಾಕಿಗಳ ಹತ್ತಿರ ಕೇಳಲು ಇದ್ದದ್ದು ಒಂದೇ ಪ್ರಶ್ನೆ: "ಎಲ್ಲಿ ಬರಬೇಕು?"

ಹೋಟೆಲ್ಲಿನ ಬಾಗಿಲು ಕಾಯುವವನು ಚಿನ್ನದ ಬಣ್ಣದ ಪಟ್ಟಿ ತಂದು ಮೇಜಿನ ಮೇಲಿಟ್ಟರೆ, ಎಲ್ಲಿ ಬರಬೇಕು? ಬೆಂಕಿ ಆರಿಸುವ ದಳದವನು ಹೊಸ ನಕ್ಷತ್ರ ತಂದರೆ, ಎಲ್ಲಿ ಬರಬೇಕು? ಅವರು ಭುಜ ತೋರಿಸುತ್ತಿದ್ದರು, ಇವಳು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದಳು. ಅದು ಯಾಕೆ ಬಂತು ಎಂದು ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಕೇಳಿದವಳಲ್ಲ. ಪಟ್ಟಿ ಸೊಟ್ಟಗಾದರೆ ಬೈಗುಳ ತನಗೆ, ನೆಟ್ಟಗಿದ್ದರೆ ಸೆಲ್ಯೂಟು ಅವರಿಗೆ. ಇದರಲ್ಲಿ ಕೇಳುವುದೇನಿದೆ?

ಅಂಗಡಿ ಮೂರಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗಿತ್ತು. ಉದ್ದದ ಗಿರಾಕಿಗಳು ತಲೆ ಬಗ್ಗಿಸಿಯೇ ಒಳಗೆ ಬರಬೇಕು. "ಎಂಥೆಂಥ ಅಧಿಕಾರಿಗಳು ನನ್ನ ಹೆಂಡತಿ ಮುಂದೆ ತಲೆ ತಗ್ಗಿಸ್ತಾರೆ ನೋಡಿ" ಎಂದು ಅವಳ ಗಂಡ ಹೇಳಿಕೊಂಡು ತಿರುಗುತ್ತಿದ್ದ. ಅವನು ಬೇಕರಿಯಲ್ಲಿ ಒಲೆಯ ಮುಂದೆ ನಿಲ್ಲುವವನು. ಕೋಳಿಗಿಂತ ಮುಂಚೆ ಏಳುತ್ತಿದ್ದ, ಹಾಗಾಗಿ ಮಧ್ಯಾಹ್ನದ ಮೇಲೆ ಎಲ್ಲಿ ಕೂರಿಸಿದರೂ ಅಲ್ಲೇ ನಿದ್ದೆ.

ಮೇಜಿನ ಕೆಳಗಿನ ಜಾಗ ಮಗಳದು. ಎರಡು ವರ್ಷದವಳಾಗಿದ್ದಾಗ ಕೋಟಿನ ಗುಂಡಿಯೊಂದನ್ನು ನುಂಗಿ ಇಡೀ ಓಣಿಯನ್ನು ಆಸ್ಪತ್ರೆಗೆ ಓಡಿಸಿದ್ದಳು. ಅಂದಿನಿಂದ ಅವಳ ಹೆಸರೇ ಗುಂಡಿ. ಈಗ ಏಳು ವರ್ಷ. ಶಾಲೆ ಬಿಟ್ಟ ಮೇಲೆ ಮೇಜಿನ ಕೆಳಗೆ ಕೂತು, ತಪ್ಪಿದ ಹೊಲಿಗೆಗಳನ್ನು ದಾರ ಕತ್ತರಿಸುವ ಸಣ್ಣ ಕೊಕ್ಕೆಯಿಂದ ಬಿಚ್ಚಿ ಕೊಡುವುದು ಅವಳ ಆಟ. ಬಟ್ಟೆಗೆ ಗಾಯವಾಗದ ಹಾಗೆ ದಾರ ಕೀಳುವುದರಲ್ಲಿ ಎತ್ತಿದ ಕೈ.

ಆ ವರ್ಷ ಗುಂಡಿ ಶಾಲೆಯ ಸ್ಕೌಟ್ ಮರಿ ದಳ ಸೇರುತ್ತೇನೆ ಎಂದು ಹಠ ಹಿಡಿದಳು. ದಳ ನಡೆಸುವವಳು ಹತ್ತಿರದ ಆಸ್ಪತ್ರೆಯ ನರ್ಸು. ಮಕ್ಕಳು ಅವಳನ್ನು ದಳದಕ್ಕ ಎನ್ನುತ್ತಿದ್ದರು. ಆಕೆ ತಂದೆತಾಯಿಯರನ್ನು ಒಂದು ಶನಿವಾರ ಸಭೆಗೆ ಕರೆದಳು. ಅವತ್ತೇ ಹೊಲಿಗೆಯವಳಿಗೆ ಹದಿನೆಂಟು ಬ್ಯಾಂಡ್ ಕೋಟುಗಳ ಗಡುವು.

"ನೀನು ಮುಂಚೆ ಹೋಗು. ಅವರು ಹೇಳಿದ್ದೆಲ್ಲ ಕೇಳಿಸ್ಕೋ" ಎಂದು ಗಂಡನನ್ನು ಅಟ್ಟಿದಳು.

ಅವಳು ಓಡುತ್ತಾ ಹಾಲ್ ಸೇರುವಾಗ ಭಾಷಣ ಮುಗಿದು ಕುರ್ಚಿ ಮಡಚುತ್ತಿದ್ದರು. ಬಾಗಿಲಲ್ಲಿ ಯಾರೋ ಒಂದು ಹಾಳೆ ಕೈಗಿಟ್ಟರು. ಗಂಡ ಕೊನೆಯ ಸಾಲಿನಲ್ಲಿ ಗದ್ದ ಎದೆಗೆ ಊರಿಕೊಂಡು ಕೂತಿದ್ದ.

"ಏನು ಹೇಳಿದ್ರು?"

ಅವನು ಕಣ್ಣು ಹೊಸಕಿದ. "ಎಲ್ಲ ಹೇಳಿದ್ರು."

"ಎಲ್ಲ ಅಂದ್ರೆ?"

"ಬ್ಯಾಜಿನ ವಿಷಯ ಕಣೇ. ಎಲ್ಲಾ ಆ ಹಾಳೆಯಲ್ಲಿ ಇದೆಯಂತೆ."

ಹಾಳೆಯಲ್ಲಿ ನಿಜವಾಗಿಯೂ ಇತ್ತು. ಒಂದು ಅಂಗಿಯ ಚಿತ್ರ. ಎದೆಯ ಮೇಲೆ ಪ್ರವೇಶದ ದುಂಡು ಬ್ಯಾಜು. ಎಡತೋಳಿನಲ್ಲಿ ಒಂದರ ಮೇಲೊಂದು ನಾಲ್ಕು ಮೆಟ್ಟಿಲುಗಳು, ಅಂದರೆ ದರ್ಜೆಗಳು. ಬಲತೋಳಿನಲ್ಲಿ ಎರಡು ಸಾಲಾಗಿ ಹತ್ತು ಕೌಶಲದ ಬ್ಯಾಜು: ಈಜು, ಅಡುಗೆ, ತೋಟ, ಸೈಕಲ್, ಹಕ್ಕಿ, ಹಾಡು, ಓದು, ಗಂಟು, ಪ್ರಥಮ ಚಿಕಿತ್ಸೆ, ಹೊಲಿಗೆ. ಒಂದೊಂದಕ್ಕೂ ಬಾಣ, ಅಳತೆ. ಕೆಳಗೆ ಒಂದು ಸಾಲು: ಬ್ಯಾಜುಗಳನ್ನು ಚಿತ್ರದಲ್ಲಿ ತೋರಿಸಿದ ಸ್ಥಳದಲ್ಲಿಯೇ ಹೊಲಿಯತಕ್ಕದ್ದು.

ಅವಳ ಮನಸ್ಸು ತಣ್ಣಗಾಯಿತು. ಎಲ್ಲಿ ಬರಬೇಕು ಎಂದು ಕೇಳುವ ಮುಂಚೆಯೇ ಉತ್ತರ ಸಿಕ್ಕಿತ್ತು. ಇಷ್ಟು ಚೊಕ್ಕಟವಾದ ಆರ್ಡರು ಅವಳ ಅಂಗಡಿಗೆ ಎಂದೂ ಬಂದಿರಲಿಲ್ಲ.

ಪ್ರತಿಜ್ಞೆಯ ದಿನಕ್ಕೆ ಮೂರು ವಾರವಿತ್ತು. ಬೂದುಬಣ್ಣದ ಬಟ್ಟೆ ಕತ್ತರಿಸಿ ಅಂಗಿ ಮಾಡಿದಳು. ಬ್ಯಾಜುಗಳನ್ನು ಒಂದೊಂದಾಗಿ ಬೇರೆ ಬಟ್ಟೆಯಲ್ಲಿ ಕಸೂತಿ ಹಾಕಿ ಅಂಗಿಗೆ ಹೊಲಿದಳು. ಹಕ್ಕಿಯ ಕಣ್ಣಿಗೆ ಒಂದೇ ಒಂದು ಕಪ್ಪು ಹೊಲಿಗೆ. ಬೇರೆಯವರ ಭುಜಕ್ಕೆ ಮರ್ಯಾದೆ ಹೊಲಿದು ಹೊಲಿದು ಅವಳ ಹೆಬ್ಬೆರಳು ಜಡ್ಡುಗಟ್ಟಿತ್ತು. ಇದು ತನ್ನ ಮಗುವಿನ ಭುಜ. ಕೊಳೆಯಾದೀತೆಂದು ಅಂಗಿಯನ್ನು ಕಾಗದದಲ್ಲಿ ಸುತ್ತಿಟ್ಟು, ಗುಂಡಿಗೆ ತೋರಿಸಲೇ ಇಲ್ಲ. ಗಂಡನಿಗೂ ಅಷ್ಟೆ.

ಪ್ರತಿಜ್ಞೆಯ ದಿನ ಬೆಳಿಗ್ಗೆ ಕಾಗದ ಬಿಚ್ಚಿದಾಗ ಗುಂಡಿಯ ಕಣ್ಣು ಅರಳಿತು. ಆಮೇಲೆ ನಿಧಾನವಾಗಿ ಬಲತೋಳಿನ ಮೇಲೆ ನಿಂತಿತು.

"ಅಮ್ಮಾ, ಇದು ಈಜಿನ ಬ್ಯಾಜು."

"ಹೂಂ. ಅಲೆ ನೋಡು, ಎರಡು ನೀಲಿ ದಾರ ಸೇರಿಸಿದ್ದೀನಿ."

"ನಂಗೆ ಈಜು ಬರಲ್ಲ."

"ಬಂದಾಗ ಬರುತ್ತೆ. ಕೈ ಎತ್ತು."

ಗುಂಡಿ ಕೈ ಎತ್ತಿದಳು. ಅಮ್ಮ ಹೊಲಿದದ್ದರಲ್ಲಿ ತಪ್ಪಿರುತ್ತದೆ ಎಂದು ಅವಳಿಗೆ ಹೊಳೆಯಲಾರದು. ಇಡೀ ಊರೇ ಅಮ್ಮ ಹೊಲಿದದ್ದನ್ನು ಹಾಕಿಕೊಂಡು ಸೆಲ್ಯೂಟು ಹೊಡೆಯುತ್ತಿತ್ತು.

ಶಾಲೆಯ ಹಾಲಿನಲ್ಲಿ ಇಪ್ಪತ್ತಮೂರು ಮಕ್ಕಳು ಸಾಲಾಗಿ ನಿಂತಿದ್ದರು. ಹೊಲಿಗೆಯವಳು ಅಭ್ಯಾಸಬಲದಿಂದ ಮೊದಲು ಅಂಗಿಗಳನ್ನು ನೋಡಿದಳು. ಒಂದು ಕಾಲರ್ ಸೊಟ್ಟ, ಒಂದರ ಜೇಬು ಕೆಳಗೆ. ಆಮೇಲೆ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಎಲ್ಲರ ಅಂಗಿಯೂ ಒರೆಸಿದ ಸ್ಲೇಟಿನ ಹಾಗೆ ಖಾಲಿ. ಎದೆ ಖಾಲಿ, ತೋಳು ಖಾಲಿ. ಅವರ ನಡುವೆ ಅವಳ ಮಗಳು ಬಣ್ಣದ ಅಂಗಡಿಯ ಬೋರ್ಡಿನಂತೆ ನಿಂತಿದ್ದಳು.

ಸಾಲು ಸರಿಮಾಡುತ್ತಿದ್ದ ಹತ್ತು ವರ್ಷದ ಹುಡುಗಿ, ತೋಳಿಗೆ ಎರಡು ಮೆಟ್ಟಿಲು ಇದ್ದವಳು, ಗುಂಡಿಯ ಮುಂದೆ ಗಕ್ಕನೆ ನಿಂತಳು.

"ಅಬ್ಬಾ! ನಂದು ಮೂರು ವರ್ಷಕ್ಕೆ ಎರಡು. ಇವಳದು ನೋಡ್ರೋ, ಒಂದೇ ಬೆಳಿಗ್ಗೆಗೆ ನಾಲ್ಕೂ!"

"ಹುಟ್ಟುವಾಗಲೇ ಹಾಕ್ಕೊಂಡು ಬಂದಿರಬೇಕು" ಎಂದ ಇನ್ನೊಬ್ಬ. ಸಾಲಿಗೆ ಸಾಲೇ ನಕ್ಕಿತು. ಗುಂಡಿ ಎರಡೂ ತೋಳುಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

ದಳದಕ್ಕ ಬಂದಳು. ನೋಡಿದಳು. ನಗಲಿಲ್ಲ. ಹೊಲಿಗೆಯವಳನ್ನು ಪಕ್ಕಕ್ಕೆ ಕರೆದಳು.

"ಅಮ್ಮಾ, ಇದೆಲ್ಲ ಯಾರು ಹಾಕಿದ್ದು?"

"ನಾನೇ. ಹಾಳೆಯಲ್ಲಿ ಇದ್ದ ಹಾಗೇ ಇದೆ. ಅಳತೆ ಹಿಡಿದು ನೋಡಿ, ಒಂದು ಕೂದಲೆಳೆಯೂ ತಪ್ಪಿಲ್ಲ."

"ಅಳತೆ ತಪ್ಪಿಲ್ಲಮ್ಮ. ಒಂದೊಂದು ಬ್ಯಾಜೂ ಮಗು ಸಂಪಾದಿಸಬೇಕು. ಕಲಿತು, ಮಾಡಿ ತೋರಿಸಿದ ಮೇಲೆ ಒಂದು. ನಾಲ್ಕು ಮೆಟ್ಟಿಲಿಗೆ ಕಮ್ಮಿ ಅಂದ್ರೂ ನಾಲ್ಕು ವರ್ಷ ಹಿಡಿಯುತ್ತೆ. ಸಭೆಯಲ್ಲಿ ಇದನ್ನೇ ಒಂದು ಗಂಟೆ ಹೇಳಿದ್ದೆ."

ಹೊಲಿಗೆಯವಳು ಗಂಡನ ಕಡೆ ತಿರುಗಿದಳು. ಅವನು ಛಾವಣಿಯ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ" ಎಂದು ಅವನು ಗೊಣಗಿದ.

"ಕುಲಾವಿ ಹೊಲಿದವಳು ನಾನು. ಕೂಸು ಯಾವಾಗ ಅಂತ ಕೇಳಿಸ್ಕೊಂಡು ಬಾ ಅಂದ್ರೆ ಗೊರಕೆ ಹೊಡೆದವನು ಯಾರು?"

ದಳದಕ್ಕ ಕೈ ಎತ್ತಿದಳು. "ನೀವು ಮನೆಗೆ ಹೋಗಿ ಜಗಳ ಆಡಿ. ಈ ಅಂಗಿ ಹಾಕ್ಕೊಂಡು ಅವಳು ಪ್ರತಿಜ್ಞೆ ತಗೊಳ್ಳೋ ಹಾಗಿಲ್ಲ. ಮೊದಲ ಮಾತೇ ನಿಜ ಹೇಳ್ತೀನಿ ಅಂತ. ಬಾಯಿ ಒಂದು ಹೇಳಿ ತೋಳು ಇನ್ನೊಂದು ಹೇಳಿದ್ರೆ ಹೇಗೆ? ಮುಂದಿನ ಪ್ರತಿಜ್ಞೆ ಆರು ತಿಂಗಳಿಗೆ ಇದೆ. ಅವಾಗ ಬರಲಿ."

ಗಿರಾಕಿ ಬೈದದ್ದು ಹೊಲಿಗೆಯವಳಿಗೆ ಹೊಸದಲ್ಲ, ನೀರು ಕುಡಿದ ಹಾಗೆ ಕುಡಿದಿದ್ದಳು. ಇಲ್ಲಿ ಅವಳ ತಪ್ಪಿಗೆ ಮಗು ಸಾಲಿನಿಂದ ಹೊರಗೆ ಬರಬೇಕಿತ್ತು.

ಅಷ್ಟರಲ್ಲಿ ಗುಂಡಿಯೇ ಹೊರಗೆ ಬಂದಳು. ಅಮ್ಮನ ಚೀಲಕ್ಕೆ ಕೈ ಹಾಕಿ ತಡಕಾಡಿದಳು. ಕೊಕ್ಕೆ ಇಲ್ಲದೆ ಅಮ್ಮ ಮನೆ ಬಿಡುವುದಿಲ್ಲ ಎಂದು ಅವಳಿಗೆ ಗೊತ್ತು.

"ಅಕ್ಕಾ, ನನ್ನನ್ನ ಎಲ್ಲರಿಗಿಂತ ಕೊನೆಗೆ ಕರೀತೀರಾ?"

"ಯಾಕೆ?"

"ಬಿಚ್ಚಿಬಿಡ್ತೀನಿ."

ದಳದಕ್ಕ ಆ ಹದಿನೈದನ್ನೂ ಒಮ್ಮೆ ನೋಡಿದಳು. "ಆಗುತ್ತಾ?"

"ಬಿಚ್ಚೋದು ನನ್ನ ಕೆಲಸ" ಎಂದಳು ಗುಂಡಿ.

ಅಪ್ಪ ತನ್ನ ಬೇಕರಿ ಕೋಟನ್ನು ಬಿಚ್ಚಿ ಅವಳಿಗೆ ಹೊದಿಸಿದ. ಹಿಟ್ಟಿನ ಧೂಳು ಹಾರಿ ಅವಳು ಸೀನಿದಳು. ವೇದಿಕೆಯ ಪಕ್ಕದ ಮೆಟ್ಟಿಲಲ್ಲಿ ಕೂತು ಅಂಗಿಯನ್ನು ಮಂಡಿಯ ಮೇಲೆ ಹರಡಿಕೊಂಡಳು. ಹೊಲಿಗೆಯವಳು ಕೈ ಚಾಚಿದಳು: "ಕೊಡು, ನಾನು ಬೇಗ ಮಾಡ್ತೀನಿ."

"ಬೇಡ. ಅಂಗಿ ನಂದು."

ದಳದಕ್ಕ ಕಣ್ಣಿನಲ್ಲೇ ಹೌದೆಂದಳು. ಆಮೇಲೆ ವೇದಿಕೆ ಹತ್ತಿ, ಎಲ್ಲರಿಗೂ ಕೇಳುವಂತೆ, "ಸಭೆಗೆ ತಡವಾಗಿ ಬಂದವರಿಗೂ, ಬಂದು ನಿದ್ದೆ ಮಾಡಿದವರಿಗೂ ಇನ್ನೊಮ್ಮೆ ಹೇಳ್ತೀನಿ" ಎಂದು ಶುರುಮಾಡಿದಳು. ಜನ ನಕ್ಕರು. ಬೇಕರಿಯವನೂ, ಬೇರೆ ಯಾರನ್ನೋ ಅಂದದ್ದು ಎಂಬಂತೆ, ನಕ್ಕ.

"ಮೊದಲ ಮೆಟ್ಟಿಲಿಗೆ ಮಗು ತನ್ನ ಹಾಸಿಗೆ ತಾನೇ ಮಡಚಬೇಕು, ಮನೆ ವಿಳಾಸ ಹೇಳಬೇಕು, ಬಿಚ್ಚದ ಒಂದು ಗಂಟು ಹಾಕಬೇಕು. ನೀವು ಮಡಚಿಕೊಟ್ಟು ಅವಳೇ ಮಡಚಿದಳು ಅಂದ್ರೆ ನನಗೆ ಗೊತ್ತಾಗುತ್ತೆ."

ಗುಂಡಿ ಎಡತೋಳಿನ ಮೊದಲ ಬ್ಯಾಜಿನ ಅಂಚಿಗೆ ಕೊಕ್ಕೆ ತೂರಿಸಿದಳು. ಅಮ್ಮನ ಹೊಲಿಗೆ, ಕಲ್ಲಿನಂತೆ ಬಿಗಿ. ನಾಲಿಗೆಯನ್ನು ತುಟಿಯ ಮೂಲೆಗೆ ಕಚ್ಚಿಕೊಂಡು ಮೂರು ಹೊಲಿಗೆಗೊಂದು ಕತ್ತರಿಸುತ್ತಾ ಹೋದಳು. ಹಿಂದಿನಿಂದ ದಾರ ಎಳೆದರೆ ಇಡೀ ಸಾಲು ಬಿಟ್ಟುಕೊಂಡಿತು. ಅದೇ ಸರಿಯಾದ ರೀತಿ. ಯಾರೂ ಕಲಿಸಿರಲಿಲ್ಲ, ಮೇಜಿನ ಕೆಳಗೆ ಕೂತು ಕಲಿತದ್ದು.

"ಎರಡನೆಯದಕ್ಕೆ ಗಾಯ ತೊಳೆದು ಬಟ್ಟೆ ಕಟ್ಟೋದು, ಬೆಂಕಿ ಕಂಡ್ರೆ ಯಾರನ್ನ ಕರೀಬೇಕು ಅನ್ನೋದು. ಮೂರನೆಯದಕ್ಕೆ ನಡೆದ ದಾರಿಯ ನಕ್ಷೆ ಬರೆಯೋದು. ನಾಲ್ಕನೆಯದು ಕಷ್ಟ. ತಾನು ಕಲಿತದ್ದನ್ನ ತನಗಿಂತ ಚಿಕ್ಕವರಿಗೆ ಕಲಿಸಬೇಕು, ಅವರಿಗೆ ಬರೋವರೆಗೂ. ಬೈಯದೆ."

ಹೊಲಿಗೆಯವಳು ಮೊದಲ ಬಾರಿಗೆ ಕೇಳಿಸಿಕೊಳ್ಳುತ್ತಿದ್ದಳು. ಒಂದೊಂದು ಮೆಟ್ಟಿಲಿನ ಮಾತು ಮುಗಿಯುವಷ್ಟರಲ್ಲಿ ಆ ಮೆಟ್ಟಿಲು ಮಗಳ ಕೈಯಿಂದ ಕಳಚಿ ನೆಲಕ್ಕೆ ಬೀಳುತ್ತಿತ್ತು. ಮೂರು ವಾರದ ಕೆಲಸ. ಆದರೂ ಬಟ್ಟೆಯ ಮೇಲೆ ಒಂದು ಎಳೆಯೂ ಜಗ್ಗದೆ ಬ್ಯಾಜು ಬಿಡಿಸಿಕೊಳ್ಳುವುದನ್ನು ಕಂಡು, ಅವಳೊಳಗಿನ ಕೆಲಸಗಾರ್ತಿ, ಭೇಷ್, ಎಂದಳು.

ವೇದಿಕೆಯ ಮೇಲೆ ಮಕ್ಕಳ ಕರೆ ಶುರುವಾಯಿತು. ಒಬ್ಬೊಬ್ಬರೂ ಬಂದು ಕೈ ಎತ್ತಿ ಪ್ರತಿಜ್ಞೆ ಹೇಳಿದರು. ಒಬ್ಬ ಮಧ್ಯದಲ್ಲಿ ಮರೆತು ಅತ್ತ. ಹತ್ತು, ಹದಿನಾಲ್ಕು, ಹತ್ತೊಂಬತ್ತು. ಗುಂಡಿಯ ಬೆರಳ ತುದಿ ಕೆಂಪಗಾಗಿತ್ತು. ಸಾಲು ಸರಿಮಾಡುತ್ತಿದ್ದ ಹುಡುಗಿ ಹತ್ತಿರ ಬಂದು, ನೆಲಕ್ಕೆ ಬಿದ್ದ ಬ್ಯಾಜುಗಳನ್ನು ಆರಿಸಿ ಒಂದರ ಮೇಲೊಂದು ಜೋಡಿಸಿಟ್ಟಳು.

ಇಪ್ಪತ್ತೆರಡು ಮುಗಿಯಿತು. ಅಂಗಿಯಲ್ಲಿ ಒಂದು ಉಳಿದಿತ್ತು. ಸೂಜಿ ದಾರದ ಚಿತ್ರದ್ದು, ಹೊಲಿಗೆಯದು.

ದಳದಕ್ಕ ಕೆಳಗಿಳಿದು ಬಂದಳು. ಬಿಚ್ಚಿದ ಜಾಗದ ಮೇಲೆ ಬೆರಳಾಡಿಸಿದಳು. "ಒಂದು ತೂತೂ ಹರಿದಿಲ್ಲವಲ್ಲೇ. ಇಷ್ಟು ಚೆನ್ನಾಗಿ ನಮ್ಮ ಆಸ್ಪತ್ರೆಯಲ್ಲಿ ಗಾಯದ ಹೊಲಿಗೆಯನ್ನೂ ಬಿಚ್ಚಲ್ಲ." ಆ ಕೊನೆಯದರ ಮೇಲೆ ಅವಳ ಬೆರಳು ನಿಂತಿತು. ಹೊಲಿಗೆಯವಳು ಒಂದು ಹೆಜ್ಜೆ ಮುಂದೆ ಬಂದಳು. ಇದೊಂದು ಇರಲಿ ಅನ್ನಬಾರದೇ?

"ಇದು ನಿಂಗೆ ಬರುತ್ತಲ್ಲ" ಎಂದಳು ದಳದಕ್ಕ.

"ಬರುತ್ತೆ. ಆದ್ರೆ ಗುಂಡಿ ಹಾಕೋದು ಇನ್ನೂ ಸೊಟ್ಟ ಆಗುತ್ತೆ." ಗುಂಡಿ ತಲೆ ಎತ್ತಲೇ ಇಲ್ಲ. ಕೊಕ್ಕೆ ತೂರಿಸಿದಳು, ಎಳೆದಳು. ಹದಿನೈದನೆಯದೂ ಬಿತ್ತು.

ಅಂಗಿ ತೊಟ್ಟು ಮೆಟ್ಟಿಲು ಹತ್ತಿದಳು. ಬೂದುಬಟ್ಟೆಯ ಮೇಲೆ ಬ್ಯಾಜುಗಳಿದ್ದ ಕಡೆ ಸೂಜಿಯ ಸಣ್ಣ ಸಣ್ಣ ಚುಕ್ಕಿಗಳು. ಕೈ ಎತ್ತಿ ಮೂರು ಬೆರಳು ಚಾಚಿ, ನಿಜ ಹೇಳುತ್ತೇನೆ, ಕೆಲಸಕ್ಕೆ ಹಿಂದೆ ಸರಿಯುವುದಿಲ್ಲ, ಬೇರೆಯವರಿಗೆ ಒದಗುತ್ತೇನೆ ಎಂದಳು. ಒಂದು ಮಾತೂ ತಡವರಿಸಲಿಲ್ಲ. ದಳದಕ್ಕ ಪ್ರವೇಶದ ಬ್ಯಾಜನ್ನು ಅವಳ ಎದೆಗೆ ಪಿನ್ನು ಹಾಕಿ ಸಿಕ್ಕಿಸಿದಳು. ಅಂಚು ದೊರಗು, ಬಣ್ಣ ಪೇಲವ. ಹೊಲಿಗೆಯವಳು ಮಾಡಿದ್ದರ ಮುಂದೆ ಅದು ಏನೂ ಅಲ್ಲ. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಎಲ್ಲರಿಗಿಂತ ಜೋರಾಗಿ ತಟ್ಟಿದವನು ಬೇಕರಿಯವನು, ಇವತ್ತು ಪೂರ್ತಿ ಎಚ್ಚರವಾಗಿದ್ದ. ಹೊಲಿಗೆಯವಳು ತಟ್ಟಲಿಲ್ಲ. ಅವಳ ಎರಡೂ ಕೈಯಲ್ಲಿ ಬ್ಯಾಜುಗಳಿದ್ದವು. ಬೆನ್ನು ಮಾತ್ರ ತಾನಾಗಿಯೇ ನೆಟ್ಟಗಾಯಿತು.

ಮನೆಗೆ ಬಂದ ಮೇಲೆ ಬ್ಯಾಜುಗಳನ್ನು ಗುಂಡಿಗಳ ಡಬ್ಬಿಯ ತಳಕ್ಕೆ ಹಾಕಿ ಮುಚ್ಚಳ ಒತ್ತಿದಳು. ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಎಳೆದರೆ ಸೂಜಿಯ ತೂತು ಮುಚ್ಚಿಹೋಗುತ್ತದೆ. ಎಳೆಯಲೇ ಎಂದು ಕೇಳಿದಳು. "ಬೇಡ, ಎಲ್ಲೆಲ್ಲಿ ಬರುತ್ತೆ ಅಂತ ಗೊತ್ತಾಗುತ್ತಲ್ಲ" ಎಂದಳು ಗುಂಡಿ.

ಸೋಮವಾರ ಹೋಟೆಲ್ಲಿನ ಬಾಗಿಲು ಕಾಯುವವನು ತಲೆ ಬಗ್ಗಿಸಿ ಒಳಗೆ ಬಂದ. ಹೊಸ ಕೋಟಿಗೆ ಮೂರು ಪಟ್ಟಿ ಹೊಲಿಸಬೇಕಿತ್ತು. ಮೇಜಿನ ಕೆಳಗೆ ದಳದ ಅಂಗಿ ತೊಟ್ಟು ಕೂತ ಗುಂಡಿಯನ್ನು ಕಂಡು ರೇಗಿಸಿದ.

"ಏನಮ್ಮಾ, ಸ್ಕೌಟು! ಇಷ್ಟು ದೊಡ್ಡ ಅಂಗಿಗೆ ಒಂದೇನಾ?"

"ಹೂಂ, ಒಂದು" ಎಂದಳು ಗುಂಡಿ, ಎದೆ ಸೆಟೆಸಿ. "ನಿಮ್ದು ಮೂರು. ಯಾಕೆ ಬಂತು?"

ಅವನು ತಬ್ಬಿಬ್ಬಾದ. ಪಟ್ಟಿಗಳನ್ನು ಒಮ್ಮೆ ನೋಡಿ, ಹೊಲಿಗೆಯವಳನ್ನು ಒಮ್ಮೆ ನೋಡಿದ. ಎಂಟು ವರ್ಷದಿಂದ ಇದೇ ಅಂಗಡಿಗೆ ಬರುತ್ತಿದ್ದವನು.

ಹೊಲಿಗೆಯವಳು ಪೆಡಲಿನಿಂದ ಕಾಲು ತೆಗೆದಳು. ಮೆಷಿನ್ನು ನಿಂತಿತು. ಸ್ಟೂಲನ್ನು ಅವನ ಕಡೆ ತಳ್ಳಿದಳು.

"ಕೂತ್ಕೊಂಡು ಹೇಳಿ" ಎಂದಳು. "ಮೊದಲನೆಯದು ಯಾಕೆ ಬಂತು?"