ಹಳೆ ಉಣ್ಣೆಯ ಪದ

'ಕಳಪೆ' ಎಂದಷ್ಟೇ ಬರೆದು ಮುಗಿಸಿಬಿಡಬಹುದೇ? ಬರೆದರೆ ತಪ್ಪೇನಿಲ್ಲ. ಆದರೆ ಅಚ್ಚಾಗಿ ಬಂದ ಮೇಲೆ ಅಪ್ಪ ಕೂತು ಆ ಪುಟವನ್ನೇ ಹುಡುಕಿದರೆ?

ಅವನು ಇಂಗ್ಲಿಷ್-ಕನ್ನಡ ನಿಘಂಟಿನ ಕಚೇರಿಯಲ್ಲಿ ಪದಗಳ ಚೀಟಿ ಬರೆಯುವವನು. ಆ ದಿನ ಅವನ ಪಾಲಿಗೆ ಬಂದ ಇಂಗ್ಲಿಷ್ ಪದ 'ಶಾಡಿ' (shoddy). ಹಳೆಯ ಉಣ್ಣೆ ಬಟ್ಟೆಯನ್ನು ಎಳೆಎಳೆಯಾಗಿ ಬಿಡಿಸಿ ಮತ್ತೆ ನೂತ ನೂಲಿಗೆ ಸುಮಾರು ಇನ್ನೂರು ವರ್ಷಗಳ ಹಿಂದೆ ಬಿದ್ದ ಹೆಸರು ಅದು. ಬರಬರುತ್ತಾ, ಮೇಲೆ ಚೆಂದ ಕಂಡು ಒಳಗೆ ಗಟ್ಟಿಯಿಲ್ಲದ ಎಲ್ಲಕ್ಕೂ ಜನ ಅದನ್ನೇ ಅಂದರು. ಅಪ್ಪ ಮೂವತ್ತು ವರ್ಷ ದುಡಿದದ್ದು ಅಂಥ ನೂಲು ತೆಗೆದು ಕಂಬಳಿ ನೇಯುವ ಗಿರಣಿಯಲ್ಲಿ.

ಸಂಜೆ, ಪದದ ಮೂಲವನ್ನಷ್ಟೇ ಚೀಟಿಯಲ್ಲಿ ಬರೆದುಕೊಂಡು ಮನೆಗೆ ಹೋದ. ಅಪ್ಪ ಕಿಟಕಿಯ ಬಳಿ ಕೂತು ಹಳೆಯ ಸ್ವೆಟರೊಂದರ ಗುಂಡಿ ಕತ್ತರಿಸುತ್ತಿದ್ದ. ಕೆಲಸ ಬಿಟ್ಟರೂ ಕೈ ಸುಮ್ಮನಿರದು.

"ಅಪ್ಪಾ, ಇದು ಸರಿ ಇದೆಯಾ ನೋಡು."

ಅಪ್ಪ ಕನ್ನಡಕ ಏರಿಸಿ ಓದಿದ. "ಚಿಂದಿಯಿಂದ ತೆಗೆದ ನೂಲು... ಚಿಂದಿ ಅಂತ ಯಾಕೋ ಬರೆದೆ? ಸಿಕ್ಕಿದ್ದೆಲ್ಲ ಮೆಷಿನ್ನಿಗೆ ತುರುಕ್ತಿದ್ವಾ ನಾವು?" ಸ್ವೆಟರಿನಿಂದ ಒಂದು ಎಳೆ ಕಿತ್ತು ಬೆಂಕಿಕಡ್ಡಿಗೆ ಹಿಡಿದ. ಕೂದಲು ಸುಟ್ಟ ವಾಸನೆ ಬಂತು. "ಮೂಸು. ಈ ವಾಸನೆ ಬಂದ್ರೆ ಉಣ್ಣೆ. ಅದಕ್ಕೆ ಮಾತ್ರ ಒಳಗೆ ಪ್ರವೇಶ."

"ಅಪ್ಪ ಮಗ ಸೇರ್ಕೊಂಡು ಮನೆ ಸುಟ್ಟುಬಿಡಿ!" ಒಳಗಿನಿಂದ ಅಮ್ಮ ಕೂಗಿದಳು.

ಅವನು 'ಚಿಂದಿ'ಯನ್ನು ಹೊಡೆದುಹಾಕಿ 'ಹಳೆಯ ಉಣ್ಣೆ' ಎಂದು ತಿದ್ದಿದ.

"ಇನ್ನೊಂದು ಅರ್ಥ ಎಲ್ಲೋ?" ಎಂದ ಅಪ್ಪ.

"ಯಾವುದು?"

"ನಾಟಕ ಆಡ್ಬೇಡ. ಕಂಬಳಿ ಕೊಳ್ಳೋಕೆ ಬಂದೋರು ಮೂಗು ಮುರಿದು ಅದೇ ಮಾತು ಅಂದು ಹೋಗ್ತಿದ್ರು. ಅಷ್ಟು ವರ್ಷ ಕೇಳಿದೀನಿ, ಕರಗಿ ಹೋದ್ನಾ?"

"ಹಾಗಾದ್ರೆ ಬರೀಲಾ?"

"ಬರೀದೆ ಮತ್ತೆ? ಇರೋದನ್ನ ಬರೆಯೋಕೆ ತಾನೇ ನಿನ್ನ ಕೂರಿಸಿರೋದು. ಆದ್ರೆ ಯಾವುದು ಮೊದಲು ಬಂತು, ಹೇಳು."

"ಉಣ್ಣೆನೇ ಮೊದಲು ಅಪ್ಪಾ."

"ಅಷ್ಟು ಸಾಕು ಬಿಡು." ಅಪ್ಪ ಗುಂಡಿಗಳನ್ನು ಡಬ್ಬಿಗೆ ಹಾಕಿ, ತನ್ನ ಮೊಣಕಾಲ ಮೇಲಿದ್ದ ಕಂಬಳಿಯ ಅಂಚನ್ನು ಅವನ ಕಾಲಿನ ಮೇಲೂ ಎಳೆದ. ಗಿರಣಿಯ ಕಂಬಳಿ. ಅವನಿಗಿಂತ ಒಂದು ವರ್ಷ ದೊಡ್ಡದು.

ಎರಡನೆಯ ಅರ್ಥವಾಗಿ ಅವನು 'ಕಳಪೆ' ಎಂದು ಬರೆದ. ಕಾಲೇಜಿನ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬಲ್ಲಿ ತಾನು ಹಿಂದೆ ಗಿರಣಿಯ ಹೆಸರೆತ್ತದೆ 'ಬಟ್ಟೆ ವ್ಯಾಪಾರ' ಎಂದು ಬರೆದಿದ್ದನ್ನು ಮಾತ್ರ ಅಪ್ಪನಿಗೆ ಎಂದೂ ಹೇಳಲಿಲ್ಲ.