ಹರಿಯದ ಪರದೆ

ಚಿರಂಜೀವಿ ಸೋತಾಗಲೆಲ್ಲ ತಪ್ಪು ಪರದೆಯದ್ದೇ. ಹೆಬ್ಬಗೋಡಿಯಲ್ಲಿ ಗೇಮಿಂಗ್ ಸೆಂಟರ್ ಇಟ್ಟುಕೊಂಡಿದ್ದ ಗುರುರಾಜ್ ಹೆಡ್‌ಫೋನಿನಲ್ಲಿ "ಏನಾಯ್ತೋ ಮಗಾ?" ಎಂದು ಕೇಳಿದರೆ ಸಾಕು, "ಸ್ಕ್ರೀನ್ ಹರಿದೋಯ್ತು ಗುರು" ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಅದು ಪೂರಾ ಸುಳ್ಳೂ ಅಲ್ಲ. ಅವನ ಹಳೆಯ ಮಾನಿಟರಿನಲ್ಲಿ ಆಟದ ಬಂದೂಕು ಹಿಡಿದು ಗಕ್ಕನೆ ತಿರುಗಿದರೆ ಚಿತ್ರ ಅಡ್ಡಡ್ಡ ಸೀಳಿ, ವೈರಿಯ ತಲೆ ಒಂದು ಕಡೆ, ಮುಂಡ ಇನ್ನೊಂದು ಕಡೆ ಕಾಣುತ್ತಿತ್ತು. ಸುಮ್ಮನೆ ನಿಂತಿದ್ದಾಗಲೂ ಅವನು ಗುಂಡು ತಿಂದು ಸಾಯುತ್ತಿದ್ದ, ಆ ಮಾತು ಬೇರೆ.

ಹೊಸದನ್ನು ಕೊಡಿಸು ಎಂದು ಅಪ್ಪನನ್ನು ಕೇಳಿ ಕೇಳಿ ಬಾಯಿ ನೋವು ಬಂದಿತ್ತು. ಅಪ್ಪ ನರಸಪ್ಪ ಒಂದು ಕಾಲಕ್ಕೆ ರಾಗಿ ಬೆಳೆದ ಜಾಗದಲ್ಲಿ ಈಗ ಸಾಲಾಗಿ ಶೀಟ್ ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದ. ಸಾಲದ್ದಕ್ಕೆ ತನ್ನ ಮನೆಯ ಮಹಡಿಯ ಮೇಲೂ ರೂಮುಗಳು. "ಅಷ್ಟ್ ದೊಡ್ಡ ಟೀವಿ ಐತಲ್ಲಾ, ಅದನ್ನ್ ನೋಡ್ಕೊಂಡ್ ಬಿದ್ದಿರು" ಎನ್ನುವುದು ಅವನ ಖಾಯಂ ಉತ್ತರ. ಡಿಗ್ರಿ ಅರ್ಧಕ್ಕೆ ಬಿಟ್ಟ ಮಗನಿಗೆ ಇದ್ದ ಉದ್ಯೋಗವೆಂದರೆ ಬಾಡಿಗೆ ವಸೂಲಿ, ನೀರಿನ ಮೋಟರ್ ಹಾಕುವುದು, ಉಳಿದ ಹೊತ್ತಿನಲ್ಲಿ ಮಾನಿಟರುಗಳ ವಿಡಿಯೋ ನೋಡುವುದು. ಕೊಳ್ಳಲಾಗದವನ ಅಧ್ಯಯನ ಅದು, ಬಹಳ ಆಳವಾಗಿತ್ತು. ಯಾವ ಪ್ಯಾನೆಲ್ಲಿನಲ್ಲಿ ಕತ್ತಲ ದೃಶ್ಯ ಮಸಿ ಬಳಿದಂತಾಗುತ್ತದೆ, ಯಾವುದು ಮಿಣಮಿಣ ಎನ್ನುತ್ತದೆ, ಎಲ್ಲ ಬಾಯಿಪಾಠ.

ಹೀಗಿರುವಾಗ ಗುರುರಾಜನ ತಂಡದಲ್ಲಿ ಐದನೆಯವನ ಜಾಗ ಖಾಲಿಯಾಯಿತು. ವೈಟ್‌ಫೀಲ್ಡಿನಲ್ಲಿ ನಡೆಯುವ ದೊಡ್ಡ ಪಂದ್ಯಕ್ಕೆ ಹೋಗುವ ತಂಡ. ಆಯ್ಕೆಯ ಆಟ ಅವರವರ ಮನೆಯಿಂದಲೇ, ಆಟದ ನಡುವೆ ಕಾಣೆಯಾದವನು ಔಟ್, ನೆಪ ಕೇಳುವುದಿಲ್ಲ ಎಂದು ಗುರುರಾಜ್ ಮೊದಲೇ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ. ಆ ಜಾಗ ತನ್ನದೇ ಎಂದು ಚಿರಂಜೀವಿ ಊರೆಲ್ಲ ಸಾರಿಕೊಂಡು ಬಂದ.

ಮರುದಿನ ಮಹಡಿ ರೂಮಿನ ಬಸಲಿಂಗ ಬಾಗಿಲಲ್ಲಿ ಬಂದು ನಿಂತ. ಯಾದಗಿರಿ ಕಡೆಯವನು. ಮೊದಲು ಕಟ್ಟಡದ ಕೆಲಸಕ್ಕೆ ಬಂದು, ಈಗ ಬೊಮ್ಮಸಂದ್ರದ ಕಾರ್ಖಾನೆಯಲ್ಲಿದ್ದ. ಯಾವುದೋ ಆಫೀಸಿನವರು ಮಾರಿದ ಹಳೆಯ ಕಂಪ್ಯೂಟರೊಂದನ್ನು ರೂಮಿಗೆ ತಂದುಕೊಂಡಿದ್ದ.

"ಅಣ್ಣಾರ, ನಾನೂ ಆ ಟೀಮಿಗೆ ಹೆಸರ ಕೊಟ್ಟೀನ್ರಿ. ಖರೆ ನಂದ ಸ್ಕ್ರೀನ್ ಭಾಳ ಹರೀತೈತಿ. ಓಟಿ ಮಾಡಿ ಒಂದೀಟ ರೊಕ್ಕ ಕೂಡಿಸೀನಿ. ಕಡಿಮೀದಾಗ ಯಾವುದ ಚಲೋ ಅಂತ ನೀವ ಹೇಳಬೇಕ್ರಿ."

ಚಿರಂಜೀವಿಗೆ ಒಳಗೇ ನಗು ಬಂತು. ಇವನೂ ಒಬ್ಬ ಆಟಗಾರ! ಆದರೂ ತನ್ನನ್ನು ಇಷ್ಟು ಮರ್ಯಾದೆಯಿಂದ ಏನನ್ನಾದರೂ ಕೇಳಿದವರಲ್ಲಿ ಇವನೇ ಮೊದಲಿಗ. ಭಾನುವಾರ ಇಬ್ಬರೂ ಮೆಟ್ರೋ ಹತ್ತಿ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರಸ್ತೆಗೆ ಹೋದರು. ಚಿರಂಜೀವಿ ದಾರಿಯುದ್ದಕ್ಕೂ ಪಾಠ ಮಾಡಿದ.

"ಗಾರೆ ಕೆಲಸ್ದಲ್ಲಿ ಇಟ್ಟಿಗೆ ಎಸೆದಿದ್ಯಲ್ಲ? ಕೆಳಗಿನೋನು ಎಸೀತಾನೆ, ಮೇಲಿನೋನು ಹಿಡೀತಾನೆ. ಎಸೆಯೋನು ಒಂದ್ಸಲ ಬೇಗ, ಒಂದ್ಸಲ ನಿಧಾನ. ಹಿಡಿಯೋನು ಅದನ್ನ ನೋಡ್ದೆ ಒಂದೇ ತಾಳಕ್ಕೆ ಕೈ ಚಾಚಿದ್ರೆ?"

"ಇಟ್ಟಂಗಿ ಕಾಲಮ್ಯಾಲ ಬೀಳ್ತೈತ್ರಿ."

"ಮಾಮೂಲಿ ಮಾನಿಟರ್ ಹಂಗೆ. ವಿಆರ್‌ಆರ್ ಅನ್ನೋ ಸೌಲಭ್ಯ ಇರೋದು ಎಸೆಯೋನ ಕೈ ನೋಡ್ಕೊಂಡು ಹಿಡಿಯುತ್ತೆ. ಕಂಪ್ಯೂಟರ್ ಒಳಗಿನ ಗ್ರಾಫಿಕ್ಸ್ ಕಾರ್ಡ್ ಯಾವಾಗ ಚಿತ್ರ ಕೊಡುತ್ತೋ ಆವಾಗ್ಲೇ ತೋರ್ಸುತ್ತೆ. ಅದಕ್ಕೇ ಹರಿಯಲ್ಲ."

ಬಸಲಿಂಗನ ಕಣ್ಣು ಅಗಲವಾಯಿತು.

ಅಂಗಡಿಯಲ್ಲಿ ಹಿಂಬದಿಗೆ ಕೆಂಪು ದೀಪ, ಡಬ್ಬಿಯ ಮೇಲೆ ಡ್ರ್ಯಾಗನ್ ಚಿತ್ರ ಇದ್ದ ಮಾನಿಟರೊಂದನ್ನು ಮಾರುವವನು ಮುಂದೆ ತಂದಿಟ್ಟ. ಬರೀ ಬಣ್ಣ, ಒಳಗೆ ಹುರುಳಿಲ್ಲ. ಇದನ್ನೇ ಕೊಡಿಸಿದರೆ ಈ ಬಸ್ಯಾನ ಆಟ ಇಲ್ಲಿಗೇ ಮುಗಿಯಿತು ಎಂಬ ಯೋಚನೆ ಚಿರಂಜೀವಿಯ ತಲೆಗೆ ಬಂದೇ ಬಂತು. ಆದರೆ ಅವನಿಂದ ಆಗಲಿಲ್ಲ. ಒಳ್ಳೆಯತನ ಅಡ್ಡ ಬಂತೆಂದು ಯಾರೂ ತಿಳಿಯಬೇಕಾಗಿಲ್ಲ, ಅಡ್ಡ ಬಂದದ್ದು ಜಂಬ. ಇಷ್ಟು ದಿನ ಓದಿದ ವಿದ್ಯೆಯನ್ನು ಒಮ್ಮೆಯಾದರೂ ಖರ್ಚು ಮಾಡಬೇಕಿತ್ತು. ಮೂಲೆಯಲ್ಲಿದ್ದ ಸಾದಾ ಕಪ್ಪು ಮಾನಿಟರನ್ನು ತೆಗೆಸಿದ. ಆಟದ ವೇಗ ಇಳಿದರೂ ಹೊಂದಿಕೊಳ್ಳುತ್ತದೆಯೇ ಎಂದು ಓಡಿಸಿ ನೋಡಿದ, ಚೌಕಾಸಿ ಮಾಡಿದ, ಡಬ್ಬಿಯಲ್ಲಿ ಸರಿಯಾದ ಕೇಬಲ್ ಇಲ್ಲವೆಂದು ಜಗಳವಾಡಿ ಹಾಕಿಸಿದ. ಅದು ಅವನು ತನಗೆಂದು ಮನಸ್ಸಿನಲ್ಲಿ ಎಂದೋ ಆರಿಸಿಟ್ಟುಕೊಂಡಿದ್ದ ಮಾನಿಟರು. ಬಸಲಿಂಗ ಅದನ್ನು ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಬಂದ.

ಸಂಜೆ ಮಹಡಿಯ ರೂಮಿನಲ್ಲಿ ಚಿರಂಜೀವಿಯೇ ಅದನ್ನು ಜೋಡಿಸಿ, ಮೆನುವಿನಲ್ಲಿ ವಿಆರ್‌ಆರ್ ಆನ್ ಮಾಡಿಕೊಟ್ಟ. ಬಸಲಿಂಗ ಚಾಪೆಯ ಮೇಲೆ ಕೂತು ಆಡತೊಡಗಿದ. ಚಿರಂಜೀವಿ ಹಿಂದೆ ನಿಂತು ನೋಡಿದ. ಆ ಕೈಗೆ ಅವಸರವೇ ಇರಲಿಲ್ಲ. ವೈರಿ ಮೂಲೆಯಿಂದ ಬರುವ ಮೊದಲೇ ಬಂದೂಕು ಅಲ್ಲಿಗೆ ಹೋಗಿ ಕಾಯುತ್ತಿತ್ತು.

"ನಿಮ್ಮ ಪುಣ್ಯ ಅಣ್ಣಾರ, ಒಂದೀಟೂ ಹರೀವಲ್ದು" ಎಂದ ಬಸಲಿಂಗ, ಪರದೆಯಿಂದ ಕಣ್ಣು ತೆಗೆಯದೆ.

ಮುಂದಿನ ಭಾನುವಾರ ಆಯ್ಕೆ. ಚಿರಂಜೀವಿ ಬೆಳಿಗ್ಗೆ ಆಡಿದ್ದ. ತಕ್ಕಮಟ್ಟಿಗೆ ಆಡಿದ್ದ, ಉಳಿದವರು ಅದಕ್ಕಿಂತ ಕಳಪೆ. ಮಧ್ಯಾಹ್ನ ಬಸಲಿಂಗನ ಸರದಿ. ಗುರುರಾಜ್ ಆಟವನ್ನು ನೆಟ್ಟಿನಲ್ಲಿ ಎಲ್ಲರಿಗೂ ಕಾಣುವಂತೆ ಬಿಟ್ಟಿದ್ದ. ಊಟ ಮಾಡುತ್ತ ಫೋನಿನಲ್ಲಿ ನೋಡುತ್ತಿದ್ದ ಚಿರಂಜೀವಿಗೆ ಗುರುರಾಜನ ಕೂಗು ಕೇಳಿಸಿತು: "ಯಾರ್ ಗುರು ಇವ್ನು? ಸಕ್ಕತ್ತಾಗಿ ಆಡ್ತವ್ನೆ!"

ತನಗೆ ಒಂದು ದಿನವೂ ಅವನು ಹಾಗೆ ಅಂದಿರಲಿಲ್ಲ. ಚಿರಂಜೀವಿ ಎಂಜಲು ಕೈಯಲ್ಲೇ ಎದ್ದ.

ಎಲ್ಲ ಬಾಡಿಗೆ ರೂಮುಗಳ ಕರೆಂಟಿನ ಸ್ವಿಚ್ಚುಗಳು ಅವರ ಮೆಟ್ಟಿಲ ಕೆಳಗೆ, ಒಂದು ತಗಡಿನ ಪೆಟ್ಟಿಗೆಯಲ್ಲಿದ್ದವು. ಅದು ನರಸಪ್ಪನ ಆಡಳಿತ. ಬಾಡಿಗೆ ತಡ ಮಾಡಿದವನಿಗೆ, ಕದ್ದು ಹೀಟರ್ ಇಟ್ಟವನಿಗೆ ಅಲ್ಲಿಂದಲೇ ಬುದ್ಧಿ ಕಲಿಸುತ್ತಿದ್ದ. ಅಪ್ಪನಿಂದ ಮಗ ಕಲಿತ ವಿದ್ಯೆ ಇದೊಂದೇ. ಚಿರಂಜೀವಿ ಪೆಟ್ಟಿಗೆ ತೆರೆದು ಬಸಲಿಂಗನ ರೂಮಿನ ಸ್ವಿಚ್ಚು ಇಳಿಸಿದ. ಒಂದು ಸಣ್ಣ ಟಕ್. ಒಳಗೆ ಬಂದು ಕೈ ತೊಳೆದುಕೊಂಡ.

ಬಸಲಿಂಗ ಬರಿಗಾಲಲ್ಲಿ ಇಳಿದು ಓಡಿ ಬಂದ. "ಅಣ್ಣಾರ, ನಮ್ಮ ಖೋಲ್ಯಾಗಷ್ಟ ಕರೆಂಟ್ ಹೋತ್ರಿ! ಇನ್ನೊಂದೀಟ ಉಳದಿತ್ತ..."

"ಅಯ್ಯೋ, ಲೋಡ್ ಜಾಸ್ತಿ ಆಗಿರುತ್ತೆ ಕಣೋ" ಎಂದ ಚಿರಂಜೀವಿ. "ಇಲ್ಲಿನ ವೈರಿಂಗ್ ನಿನ್ನ ಹೊಸ ಮಾನಿಟರ್ ತಡ್ಕೊಳ್ಳಲ್ಲ. ಮೊದ್ಲೇ ಹೇಳ್ಬೇಕಿತ್ತು ನಾನು."

ಆ ಮಾನಿಟರಿಗೆ ಒಂದು ಫ್ಯಾನಿನಷ್ಟೂ ಕರೆಂಟ್ ಬೇಕಿರಲಿಲ್ಲ. ಆದರೆ ಮಾನಿಟರಿನ ವಿಷಯದಲ್ಲಿ ಚಿರಂಜೀವಿ ಹೇಳಿದ್ದು ಬಸಲಿಂಗನಿಗೆ ವೇದವಾಕ್ಯ. ಅವನು ನೆಟ್ಟಗೆ ನರಸಪ್ಪನ ಹತ್ತಿರ ಹೋಗಿ, ತಪ್ಪಾಯಿತು ಯಜಮಾನ್ರ, ನನ್ನ ಮಾನಿಟರಿನಿಂದ ನಿಮ್ಮ ವೈರ್ ಸುಟ್ಟಿದ್ದರೆ ಕ್ಷಮಿಸಿ ಎಂದು ಕೈ ಮುಗಿದ. ಇಡೀ ಓಣಿಯಲ್ಲಿ ತಾನಾಗಿ ಹೋಗಿ ಒಪ್ಪಿಕೊಳ್ಳುವಂಥ ತಪ್ಪು ಮಾಡುವವನು ಅವನೊಬ್ಬನೇ.

"ನಮ್ ಮನೆ ಸುಟ್ಟಾಕಕ್ಕೆ ಬಂದಿದ್ದೀಯೇನ್ಲಾ?" ನರಸಪ್ಪ ಬೀದಿಗೆ ಕೇಳುವಂತೆ ಅರಚಿದ. "ಇಂಗಾದ್ರೆ ಆಗಾಕಿಲ್ಲ. ಈ ವಾರದಾಗೆ ಖಾಲಿ ಮಾಡು."

ಚಿರಂಜೀವಿ ಬಾಗಿಲಿಗೆ ಒರಗಿ ನಿಂತು ಕೇಳಿಸಿಕೊಂಡ.

ಹೋಗುವ ದಿನ ಬಸಲಿಂಗ ಮಾನಿಟರನ್ನು ಟವೆಲ್ಲಿನಲ್ಲಿ ಸುತ್ತಿ ತಂದ. ಪೀಣ್ಯದಲ್ಲಿ ದೊಡ್ಡಪ್ಪನ ಮಗ ಯಮನಪ್ಪ ಇರುವ ಶೆಡ್ಡಿಗೆ ಹೋಗುತ್ತಿದ್ದ, ಅಲ್ಲಿ ಕಾಲು ಚಾಚಲೂ ಜಾಗವಿಲ್ಲ. ಕಂಪ್ಯೂಟರನ್ನು ಗುಜರಿಗೆ ಕೊಟ್ಟಾಗಿತ್ತು.

"ಇದನ್ನ ಮಾತ್ರ ಕೊಡಾಕ ಮನಸ್ಸ ಆಗಲಿಲ್ರಿ. ನೀವ ಆರಿಸಿದ್ದ. ನೀವ ಇಟ್ಕೋರಿ. ರೊಕ್ಕ ಬ್ಯಾಡ್ರಿ."

ಚಿರಂಜೀವಿ ಇಟ್ಟುಕೊಂಡ. ಬೇಡವೆಂದು ಬಾಯಿಮಾತಿಗೂ ಅನ್ನಲಿಲ್ಲ.

ಐದನೆಯ ಜಾಗ ಅವನದಾಯಿತು. ಮೊದಲ ಅಭ್ಯಾಸದ ದಿನ ಹೊಸ ಪರದೆಯ ಮುಂದೆ ಮದುಮಗನಂತೆ ಕೂತ. ಚಿತ್ರ ನೀರಿನಂತೆ ಹರಿದಾಡಿತು, ಎಲ್ಲೂ ಸೀಳಲಿಲ್ಲ. ಎಡಗಡೆಯ ಕಿಟಕಿಯಲ್ಲಿ ವೈರಿ ಎದ್ದು ನಿಂತದ್ದು, ಬಂದೂಕು ಎತ್ತಿದ್ದು, ಗುರಿ ಹಿಡಿದದ್ದು ಎಲ್ಲ ಸ್ಪಷ್ಟವಾಗಿ ಕಂಡಿತು. ಕಂಡರೂ ಕೈ ಏಳಲಿಲ್ಲ. ಸತ್ತ. ಮತ್ತೆ ಆಡಿದ, ಮತ್ತೆ ಸತ್ತ.

"ಯಾಕೋ ಮಗಾ? ಇವತ್ತೂ ಸ್ಕ್ರೀನ್ ಹರೀತಾ?" ಗುರುರಾಜ್ ಕೇಳಿದ. ಉಳಿದವರು ನಕ್ಕರು. ಚಿರಂಜೀವಿ ಅಂಗಿಯ ತುದಿಯಿಂದ ಪರದೆಯನ್ನು ಒರೆಸಿದ.

"ನಿಮ್ ಮನೇಲಿದ್ನಲ್ಲ, ಆ ಬಸಲಿಂಗ. ರೂಲ್ಸ್ ಹಾಳಾಗ್ ಹೋಗ್ಲಿ, ಅವನ್ನ ಕರ್ಸೋಣ. ಅವ್ನ ಫೋನೂ ಬಂದ್ ಆಗಿದೆ. ಬೇರೆ ನಂಬರ್ ಇದ್ಯಾ?"

"ಇಲ್ಲ ಗುರು. ರೂಮ್ ಬಿಟ್ಟು ಹೋದ. ಎಲ್ಲಿದ್ದಾನೋ ಗೊತ್ತಿಲ್ಲ."

ಅಷ್ಟರಲ್ಲಿ ಫೋನು ಗುರುಗುಟ್ಟಿತು. ಗೊತ್ತಿಲ್ಲದ ನಂಬರು. ಚಿರಂಜೀವಿ ಮೈಕ್ ಬಂದ್ ಮಾಡಿ ಎತ್ತಿಕೊಂಡ.

"ಅಣ್ಣಾರ, ನಾನ್ರಿ ಬಸಲಿಂಗ. ಇದು ಹೊಸ ನಂಬರ್ರಿ. ಸುಮ್ಮ ಮಾಡಿದೆ. ಮಾನಿಟರ್ ಹೆಂಗೈತ್ರಿ? ಹರಿಯಾಂಗಿಲ್ಲ ಅಲ್ರಿ?"

"ಇಲ್ಲ ಕಣೋ. ಹರಿಯಲ್ಲ."

"ಹಂಗಾದ್ರ ಇನ್ನ ನೀವ ಗೆಲ್ತೀರಿ ಬಿಡ್ರಿ" ಎಂದು ಬಸಲಿಂಗ ಮನಸಾರೆ ನಕ್ಕ.

ಫೋನು ಇಟ್ಟಮೇಲೆ ಚಿರಂಜೀವಿ ಆ ಹೊಸ ನಂಬರನ್ನು ಬ್ಲಾಕ್ ಮಾಡಿ ಅಳಿಸಿಹಾಕಿದ. ಆಮೇಲೆ ಮೈಕ್ ಹಾಕಿ "ರೆಡಿ ಗುರು" ಎಂದ. ಆಟ ಶುರುವಾಯಿತು. ಅದೇ ಕಿಟಕಿಯಲ್ಲಿ ಅದೇ ವೈರಿ ಮೆಲ್ಲಗೆ ಎದ್ದು ನಿಂತ, ಚಿರಂಜೀವಿ ಅವನನ್ನೇ ನೋಡುತ್ತ ಕೂತ.