ಹಸಿರು ವೇಲಿನ ಗಂಟು

ಕಾಡಾನೆಗಳ ಗುಂಪು ಊರಂಚಿನ ತೋಟಕ್ಕೆ ಇಳಿದಿದೆ ಎಂದು ಎಲ್ಲರ ಮೊಬೈಲಿಗೂ ಮೆಸೇಜು ಬಂದದ್ದರಿಂದ ಅವತ್ತು ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ನವರು ಕೆಲಸದವರನ್ನು ಬೇಗನೇ ಮನೆಗೆ ಕಳಿಸಿಬಿಟ್ಟರು. ಅಲ್ಲಿನ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕ್ರಿಸ್ಟೀನ್‌ಗೆ ಒಳಗೊಳಗೇ ಖುಷಿ. ಆನೇಮಹಲ್‌ನ ಚಂದ್ರಿಕಾ ಟೀಚರ್ ಮನೆಯ ಟ್ಯೂಷನ್ನಿನಿಂದ ಮಗಳನ್ನು ದಿನಾ ಕರೆತರುವವನು ಗಂಡ ಓಸ್ವಾಲ್ಡ್. ಇವತ್ತು ತಾನೇ ಹೋಗಿ ನಿಂತರೆ ಲಿಯೋನಾ ಕುಣಿದಾಡಿಬಿಡುತ್ತಾಳೆ ಎಂದುಕೊಂಡು, ಸಕಲೇಶಪುರದ ಬೇಕರಿಯಲ್ಲಿ ಎಗ್ ಪಫ್ಸ್ ಕಟ್ಟಿಸಿಕೊಂಡು ಸ್ಕೂಟರ್ ಹತ್ತಿದಳು.

ಲಿಯೋನಾಗೆ ಎಂಟು ವರ್ಷ. ಕೂತಲ್ಲಿ ಕೂರುವ ಮಗುವಲ್ಲ. ಹೋಂವರ್ಕಿನ ಒಂದು ಸಾಲು ಬರೆಯುವಷ್ಟರಲ್ಲಿ ಪೆನ್ಸಿಲ್ ಮಾಯ, ಪೆನ್ಸಿಲ್ ಹುಡುಕುವಷ್ಟರಲ್ಲಿ ಹುಡುಗಿಯೇ ಮಾಯ. ಚರ್ಚಿನಲ್ಲಿ ಪೂಜೆಯ ನಡುವೆ ಬೆಂಚುಗಳ ಅಡಿಯಲ್ಲಿ ತೆವಳಿಕೊಂಡು ಹೋಗಿ ಫಾದರ್ ಪಕ್ಕದಲ್ಲಿ ಎದ್ದು ನಿಂತದ್ದೂ ಉಂಟು. ಸಿಟ್ಟು ಬಂತೆಂದರೆ ಕೈಗೆ ಸಿಕ್ಕಿದ್ದು ಹಾರುತ್ತಿತ್ತು. ಹಿಂದಿನ ಶಾಲೆಯವರು ‘ನಮ್ಮ ಕೈಲಾಗಲ್ಲ’ ಎಂದು ಕೈಮುಗಿದಿದ್ದರು. ಅಂಥವಳು ಈ ಮಳೆಗಾಲ ಕಳೆದ ಮೇಲೆ ಟ್ಯೂಷನ್ನಿನಲ್ಲಿ ಅಲುಗಾಡದೆ ಕೂತು ಬರೆಯುತ್ತಿದ್ದಾಳೆ ಎಂದರೆ! ‘ಚಂದ್ರಿಕಾ ಟೀಚರ್ ಕೈಗುಣ ದೊಡ್ಡದು’ ಎಂದು ಕ್ರಿಸ್ಟೀನ್ ಆಫೀಸಿನಲ್ಲಿ ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದಳು.

ಟೀಚರ್ ಮನೆ ಹೈವೇಗೆ ತಾಗಿಕೊಂಡೇ ಇತ್ತು. ಮಂಗಳೂರು ಕಡೆಯಿಂದ ಬಂದ ಟ್ಯಾಂಕರ್‌ಗಳು ಒಂದರ ಹಿಂದೊಂದು ಜಗಲಿ ನಡುಗಿಸುತ್ತ ಹೋಗುತ್ತಿದ್ದವು. ಬಾಗಿಲು ತೆರೆದೇ ಇತ್ತು. ಒಳಗೆ ನಾಲ್ಕಾರು ಮಕ್ಕಳು ಚಾಪೆಯ ಮೇಲೆ ಕೂತು ಮಗ್ಗಿ ಒಪ್ಪಿಸುತ್ತಿದ್ದರು. ಲಿಯೋನಾ ಅವರ ಜೊತೆಯಲ್ಲಿರಲಿಲ್ಲ. ಮೂಲೆಯ ಕಿಟಕಿ ಕೆಳಗೆ, ಗೋಡೆಗೆ ಬೆನ್ನು ಕೊಟ್ಟು, ಮಡಿಲಲ್ಲಿ ಪುಸ್ತಕವಿಟ್ಟುಕೊಂಡು ಬರೆಯುತ್ತಿದ್ದಳು. ಅವಳ ಸೊಂಟಕ್ಕೆ ಬಟ್ಟೆಯೊಂದು ಬಿಗಿದಿತ್ತು. ಬಟ್ಟೆಯ ಎರಡೂ ತುದಿ ಕಿಟಕಿಯ ಸರಳಿಗೆ ಗಂಟು ಬಿದ್ದಿದ್ದವು.

ಕ್ರಿಸ್ಟೀನ್‌ಗೆ ಮೊದಲು ಅದೇನೆಂದೇ ಹೊಳೆಯಲಿಲ್ಲ. ಯಾವುದೋ ಆಟ ಇರಬೇಕು ಎಂದುಕೊಂಡಳು. ಅಷ್ಟರಲ್ಲಿ ಮಗಳು ತಲೆಯೆತ್ತಿ, “ಮಮ್ಮಿ!” ಎಂದು ಏಳಲು ಹೋದಳು. ಬಟ್ಟೆ ಜಗ್ಗಿತು. ಏಳಲಾಗದೆ ಹಾಗೇ ಕೂತುಕೊಂಡಳು. ಅತ್ತಳೇ ಎಂದರೆ ಇಲ್ಲ. ದಿನವೂ ನಡೆಯುವುದೇ ಇದು ಎಂಬಂತೆ ನಕ್ಕಳು.

“ಇನ್ನೂ ಒಂದು ಲೆಕ್ಕ ಐತೆ ಮಮ್ಮಿ. ಮುಗಿದ್ಮೇಲೆ ಬಿಚ್ತಾರೆ.”

ಪಫ್ಸ್‌ನ ಪೊಟ್ಟಣ ಕೈಯಿಂದ ಯಾವಾಗ ಬಿತ್ತೋ ಕ್ರಿಸ್ಟೀನ್‌ಗೆ ತಿಳಿಯದು. ಮಂಡಿಯೂರಿ ಗಂಟಿಗೆ ಕೈ ಹಾಕಿದಳು. ಗಂಟು ಸಡಿಲವಾಗಲೊಲ್ಲದು. ಹಲ್ಲಿನಿಂದ ಎಳೆಯಲು ಬಾಗಿದಾಗ ಬಟ್ಟೆ ಕಣ್ಣಿಗೆ ತೀರ ಹತ್ತಿರ ಬಂತು. ಹಸಿರು ಬಣ್ಣ, ಅಂಚಿಗೆ ಸಣ್ಣ ಸಣ್ಣ ಕನ್ನಡಿ ಚೂರು. ತಂಗಿ ಜೋವಿಟಾಳ ಮದುವೆಗೆ ಮುಂಚೆ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರಕ್ಕೆಂದು ಹೊಲಿಸಿದ ಚೂಡಿದಾರದ ವೇಲು ಅದು. ಎಲ್ಲಿ ಹೋಯಿತೆಂದು ಮನೆಯ ಬೀರುವನ್ನೆಲ್ಲ ಜಾಲಾಡಿದ್ದಳು.

ತನ್ನದೇ ವೇಲು.

ಒಳಗಿನಿಂದ ಬಂದ ಚಂದ್ರಿಕಾ ಟೀಚರ್ ಮುಖ ಬಿಳಿಚಿತು. “ಅಯ್ಯೋ, ನೀವು ಬರ್ತೀರಾ ಅಂತ ಗೊತ್ತಿರ್ಲಿಲ್ಲ ಕಣ್ರೀ...”

“ಇದು ನಿಮ್ಮ ಹತ್ರ ಹೆಂಗೆ ಬಂತು?”

“ನಿಮ್ಮ ಯಜಮಾನ್ರೇ ತಂದ್ಕೊಟ್ರು.” ಟೀಚರ್ ಸೆರಗಿನಿಂದ ಮುಖ ಒರೆಸಿಕೊಂಡರು. “ನಾನೇನ್ ಮಾಡ್ಲಿ ಹೇಳ್ರೀ? ಅವತ್ತೊಂದಿನ ಬಾಗ್ಲು ತೆಗೆದಿದ್ದೇ ತಡ, ಮಗು ಸೀದಾ ರೋಡಿಗೆ ಓಡೋಗ್ಬುಡ್ತು. ಟ್ಯಾಂಕರ್‌ನೋನು ಬ್ರೇಕ್ ಹಾಕಿ ಕೂದಲೆಳೆಯಲ್ಲಿ ಉಳೀತು. ನಾಳೆಯಿಂದ ಕಳಿಸ್‌ಬೇಡಿ ಅಂದೆ. ಅವ್ರೇ, ಕಟ್ಟಿ ಕೂರ್ಸಿ ಟೀಚರ್, ಏನೂ ಆಗಲ್ಲ ಅಂದ್ರು. ನನ್ನ ಮೇಲೆ ಆಣೆ ಕಣ್ರೀ, ಒಂದೇಟು ಹೊಡೆದಿಲ್ಲ.”

ಕ್ರಿಸ್ಟೀನ್ ಗಂಟು ಬಿಚ್ಚಿ ವೇಲನ್ನು ಬ್ಯಾಗಿಗೆ ತುರುಕಿದಳು. ಮಗಳು ರಸ್ತೆಗೆ ಓಡಿದ್ದು ತನಗೆ ಗೊತ್ತಿಲ್ಲ. ಲಾರಿ ನಿಂತದ್ದು ಗೊತ್ತಿಲ್ಲ. ಕಟ್ಟಿಹಾಕಿದ್ದೂ ಗೊತ್ತಿಲ್ಲ. ಒಂದೇ ಸೂರಿನಡಿ ಉಂಡು ಮಲಗಿ ಏಳುವ ಮೂವರಲ್ಲಿ ಇಬ್ಬರಿಗೆ ಗೊತ್ತಿದ್ದದ್ದು ತನಗೊಬ್ಬಳಿಗೇ ಗೊತ್ತಿರಲಿಲ್ಲ. ಮಗಳನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಮನೆಗೆ ಬಂದಳು. ದಾರಿಯುದ್ದಕ್ಕೂ ಲಿಯೋನಾ ಆನೆ, ಮೋಡ, ಪಫ್ಸ್ ಎಂದು ಹರಟುತ್ತಲೇ ಇದ್ದಳು.

ಓಸ್ವಾಲ್ಡ್‌ನದು ಪಂಪು, ಕಳೆ ಹೊಡೆಯುವ ಮಷಿನು ರಿಪೇರಿ ಮಾಡುವ ಅಂಗಡಿ. ಕೈಚಳಕದವನು. ಆದರೆ ಒಂದು ಮಷಿನ್ ಬಿಚ್ಚಿಟ್ಟು ಇನ್ನೊಂದಕ್ಕೆ ಕೈಹಾಕಿ, ಸ್ಪ್ಯಾನರ್ ಎಲ್ಲಿಟ್ಟೆನೆಂದು ದಿನವಿಡೀ ಹುಡುಕುವವನು. ಅವನು ಒಳಗೆ ಕಾಲಿಡುತ್ತಲೇ ಕ್ರಿಸ್ಟೀನ್ ವೇಲನ್ನು ಮೇಜಿನ ಮೇಲಿಟ್ಟಳು.

ಅವನು ಅದನ್ನು ನೋಡಿದ. ಅಡಗಿಸಲು ಹೋಗಲಿಲ್ಲ.

“ಹೇಳಿದ್ರೆ ನೀನು ಒಪ್ತಿರ್ಲಿಲ್ಲ,” ಎಂದ.

“ಒಪ್ತಾರಾ ಓಸ್ವಾಲ್ಡ್? ದನಾನಾ ಅವಳು?”

“ಲಾರಿ ಅಡಿ ಬಿದ್ದಿದ್ರೆ? ಯಾಕಿಷ್ಟು ದೊಡ್ಡದು ಮಾಡ್ತೀಯ? ಹೆತ್ತೂರಿನ ಎಸ್ಟೇಟ್‌ನಲ್ಲಿ ಅಪ್ಪ ಲೆಕ್ಕ ಬರೆಯೋ ರೈಟರ್ ಆಗಿದ್ದಾಗ ನನ್ನನ್ನ ಕಾಫಿ ಕಣದ ಕಂಬಕ್ಕೆ ಕಟ್ಟಿ ಹಾಕ್ತಿದ್ರು. ಸಂಜೆ ಕೆಲಸ ಮುಗಿಯೋ ತನಕ. ಅದೂ ಹಗ್ಗದಲ್ಲಿ.” ಹೇಳುತ್ತ ನಕ್ಕುಬಿಟ್ಟ. “ನಾನೇನು ಸತ್ತೋದ್ನಾ? ಹಗ್ಗ ಚುಚ್ಚುತ್ತೆ ಅಂತ ಇವಳಿಗೆ ಮೆತ್ತಗಿರೋದು ಹುಡುಕಿ ಕೊಟ್ಟೆ.”

ಮದುವೆಯಾಗಿ ಇಷ್ಟು ವರ್ಷಕ್ಕೆ ಈ ಮಾತು ಅವನ ಬಾಯಿಂದ ಬಂದದ್ದು ಇದೇ ಮೊದಲು. ಮೆತ್ತಗಿರಲಿ ಎಂದು ಆರಿಸಿ ಕೊಟ್ಟಿದ್ದಾನೆ. ಅವನ ಲೆಕ್ಕದಲ್ಲಿ ಅದು ಪ್ರೀತಿ. ಅದಕ್ಕಿಂತ ಭಯ ಹುಟ್ಟಿಸುವ ಮಾತು ಕ್ರಿಸ್ಟೀನ್ ಕೇಳಿರಲಿಲ್ಲ.

“ನಾಡಿದ್ದು ಹಾಸನದ ಡಾಕ್ಟರ ಹತ್ರ ಹೋಗ್ತೀನಿ. ನೀನೂ ಬರ್ಬೇಕು,” ಎಂದಷ್ಟೇ ಹೇಳಿದಳು.

ಮಕ್ಕಳ ಮನೋವೈದ್ಯೆ ತನುಜಾ ಅವರ ಕೋಣೆಯಲ್ಲಿ ಬಣ್ಣದ ಕುರ್ಚಿಗಳೂ ಆಟದ ಸಾಮಾನುಗಳೂ ಇದ್ದವು. “ಬಾ ಪುಟ್ಟ, ಕೂತ್ಕೋ,” ಎಂದರು ಡಾಕ್ಟರು. ಲಿಯೋನಾ ಕುರ್ಚಿಯಲ್ಲಿ ಕೂತು, ಹಿಂದೆ ತಿರುಗಿ ಗೋಡೆ ನೋಡಿದಳು, ಕಿಟಕಿ ನೋಡಿದಳು. ಆಮೇಲೆ ತುಂಬ ಮರ್ಯಾದೆಯಿಂದ ಕೇಳಿದಳು.

“ಎಲ್ಲಿಗೆ ಕಟ್ತೀರಾ ಮಿಸ್?”

ಡಾಕ್ಟರ ಕೈಯ ಪೆನ್ನು ನಿಂತಿತು. ಕ್ರಿಸ್ಟೀನ್ ಗಂಡನ ಕಡೆ ತಿರುಗಿದಳು. ಅವನು ಬೆನ್ನಿಗೆ ಯಾರೋ ಗುದ್ದಿದಂತೆ ಮುಂದಕ್ಕೆ ಬಾಗಿ ಕೂತಿದ್ದ.

“ಇಲ್ಲಿ ಯಾರನ್ನೂ ಕಟ್ಟಲ್ಲ,” ಎಂದರು ತನುಜಾ. “ಓಡಾಡ್ಕೊಂಡೇ ಆಡು.”

ಮಗು ಆಟದ ಸಾಮಾನಿನ ಕಡೆ ಹೋದ ಮೇಲೆ ಡಾಕ್ಟರು ಪ್ರಶ್ನೆ ಶುರುಮಾಡಿದರು. ಹಿಡಿದ ಕೆಲಸ ಅರ್ಧಕ್ಕೇ ಬಿಡುತ್ತಾಳಾ? ವಸ್ತು ಕಳೆದುಕೊಳ್ಳುತ್ತಾಳಾ? ಎದುರಿನವರ ಮಾತು ಮುಗಿಯುವ ಮುಂಚೆ ನುಗ್ಗುತ್ತಾಳಾ? ಸಿಟ್ಟು ಬಂದರೆ ತಡೆಯಲಾಗುವುದಿಲ್ಲವಾ?

“ಹೌದು, ನಾನು...” ಎಂದ ಓಸ್ವಾಲ್ಡ್. ತಕ್ಷಣ ತಿದ್ದಿಕೊಂಡ. “ಅಲ್ಲ, ಅವಳು.”

“ನಾನು ಅಂದ್ರಲ್ಲ, ಅದನ್ನೂ ಹೇಳಿ,” ಎಂದರು ಡಾಕ್ಟರು.

ಅವನು ಹೇಳತೊಡಗಿದ. ಅಂಗಡಿಯಲ್ಲಿ ಬಿಚ್ಚಿಟ್ಟು ಮರೆತ ಮಷಿನುಗಳು, ಶಾಲೆಯಲ್ಲಿ ಬೆಂಚಿನ ಮೇಲೆ ನಿಂತೇ ಕಳೆದ ದಿನಗಳು, ಕಣದ ಕಂಬ, ಅಲ್ಲಿ ಬಿಸಿಲಿಗೆ ಉಚ್ಚೆ ಹೊಯ್ದುಕೊಂಡು ನಿಂತಾಗ ಕಾಫಿ ಒಣಗಿಸುವ ಹೆಂಗಸರು ನಕ್ಕದ್ದು. ಈ ಸಲ ಅವನು ನಗಲಿಲ್ಲ.

“ಇದು ಹಟ ಅಲ್ಲ, ಕೊಬ್ಬೂ ಅಲ್ಲ,” ಎಂದರು ತನುಜಾ. “ಗಮನ ಒಂದು ಕಡೆ ನಿಲ್ಸೋದು, ಮೈ ಹತೋಟಿಗೆ ತರೋದು ಇಂಥ ಮಕ್ಕಳಿಗೆ ನಿಜವಾಗ್ಲೂ ಕಷ್ಟ. ಎಷ್ಟೋ ಸಲ ಅಪ್ಪ ಅಮ್ಮನಿಂದ್ಲೇ ಬಂದಿರುತ್ತೆ. ಕಟ್ಟಿಹಾಕಿದ್ರೆ ಹೆದರೋದು ಕಲೀತಾರೆ, ಕೂರೋದಲ್ಲ. ಇವಳಿಗೆ ಬೇರೆ ದಾರಿ ಇದೆ. ನಿಮಗೂ ಇದೆ.”

ವಾಪಸ್ ಬರುವಾಗ ಪಾಳ್ಯದ ಹತ್ತಿರ ಓಸ್ವಾಲ್ಡ್ ಕಾರನ್ನು ಪಕ್ಕಕ್ಕೆ ಹಾಕಿದ. ಸ್ಟೇರಿಂಗ್ ಹಿಡಿದುಕೊಂಡೇ, “ನಾನು ಹುಟ್ಟಾ ಕೆಟ್ಟವನು ಅಂತಲೇ ಅಂದ್ಕೊಂಡಿದ್ದೆ ಕ್ರಿಸ್ಟೀನ್,” ಎಂದ. ಅವಳು ಸಮಾಧಾನ ಹೇಳಲಿಲ್ಲ. ಕಂಬಕ್ಕೆ ಕಟ್ಟಿಸಿಕೊಂಡ ಆ ಮಗುವಿನ ಮೇಲೆ ಅವಳಿಗೆ ಮರುಕ ಉಕ್ಕುತ್ತಿತ್ತು. ಮಗಳನ್ನು ಕಟ್ಟಿಸಿದ ಈ ಗಂಡಸಿನ ಮೇಲಿನ ಸಿಟ್ಟೂ ಒಂದಿಷ್ಟೂ ಇಳಿದಿರಲಿಲ್ಲ. ಇಬ್ಬರೂ ಒಬ್ಬನೇ ಎಂಬುದನ್ನು ಅವಳಿಂದ ಇನ್ನೂ ನುಂಗಲಾಗುತ್ತಿರಲಿಲ್ಲ.

ಅವನು ಇಳಿದು ಹಿಂದಿನ ಬಾಗಿಲು ತೆಗೆದು ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತ. “ಪಪ್ಪ ತಪ್ಪು ಮಾಡಿದ ಮಗಾ. ಇನ್ಮೇಲೆ ನಿನ್ನನ್ನ ಯಾರೂ ಕಟ್ಟಲ್ಲ. ಸಾರಿ.”

“ಹೂಂ,” ಎಂದಳು ಲಿಯೋನಾ. ಅವಳ ಕಣ್ಣು ಆಗಲೇ ಅವನ ತಲೆಯ ಮೇಲಿಂದ ದೂರ ಹೋಗಿತ್ತು. “ಪಪ್ಪಾ, ಟ್ರೈನು!”

ಟ್ಯೂಷನ್ ಅವತ್ತಿಗೇ ನಿಂತಿತು. ಈಗ ಓಸ್ವಾಲ್ಡ್ ಸಂಜೆ ಅಂಗಡಿಯ ಬಾಗಿಲೆಳೆದು ಬೇಗ ಬರುತ್ತಾನೆ. ಎರಡು ಲೆಕ್ಕ, ಆಮೇಲೆ ಅಂಗಳದಲ್ಲಿ ಒಂದು ಸುತ್ತು ಓಟ, ಮತ್ತೆ ಎರಡು ಲೆಕ್ಕ. ಕೆಲವು ದಿನ ಪುಸ್ತಕ ಹಾರಿ ಗೋಡೆಗೆ ಬಡಿಯುತ್ತದೆ. ಕೆಲವು ದಿನ ಅಪ್ಪನೇ ತಾಳ್ಮೆಗೆಟ್ಟು ಹಿತ್ತಲಿಗೆ ಹೋಗಿ ನಿಲ್ಲುತ್ತಾನೆ. ಕ್ರಿಸ್ಟೀನ್ ಈಗಲೂ ಆಫೀಸಿನಿಂದ ಫೋನ್ ಮಾಡಿ, ಮಗು ಎಲ್ಲಿದೆ, ಏನು ಮಾಡುತ್ತಿದೆ ಎಂದು ವಿಚಾರಿಸುತ್ತಾಳೆ. ಗಂಡ ಹೇಳಿದ್ದನ್ನು ಕೇಳಿಸಿಕೊಂಡು, “ಫೋನ್ ಅವಳ ಕೈಲಿ ಕೊಡು,” ಎನ್ನುತ್ತಾಳೆ.